ಎಡಗೆನ್ನೆಯ ಮೊಳೆಗಳು

ನಮ್ಮ ಭಾವ ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವವರು. ಒಂದು ಹಿಡಿ ಸಣ್ಣ ಮೊಳೆಗಳನ್ನು ಎಡಗೆನ್ನೆಯೊಳಗೆ ತುಂಬಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು ಹೊಡೆಯುವುದು ಅವರ ಪದ್ಧತಿ. ಗಿರಾಕಿ ಚೌಕಾಸಿಗಿಳಿದರೆ ಬಾಯಲ್ಲಿ ಮೊಳೆ ಇದೆಯೆಂದು ಸನ್ನೆ ಮಾಡಿ ಸುಮ್ಮನಾಗುತ್ತಿದ್ದರು. ಕೊನೆಗೆ ಗಿರಾಕಿಯೇ ಸೋಲುತ್ತಿದ್ದ. ಅದೇ ಅಂಗಡಿಯಲ್ಲಿ ಗವಸು ಹೊಲಿಯುವ ನಾನು ಅವರಿಗೆ ಇಟ್ಟ ಹೆಸರು ಮೊಳೆಭಾವ.

ಒಂದು ದಿನ ಮೊಳೆಗಳು ಬಲಗೆನ್ನೆಗೆ ಹೋದವು. ಕೇಳಿದರೆ, ಎಡಗಡೆ ಚುಚ್ಚಿ ಹುಣ್ಣಾಗಿದೆ, ತಾನಾಗಿಯೇ ಮಾಯುತ್ತದೆ ಎಂದರು. ವಾರಗಳು ಕಳೆದರೂ ಮಾಯಲಿಲ್ಲ. ಅಕ್ಕ ಟಾರ್ಚ್ ಹಿಡಿದು ನೋಡಿದಾಗ ಬಿಳಿ ಅಂಚಿನ ಕೆಂಪು ಗಾಯ ಹಾಗೇ ಕೂತಿತ್ತು. ಆಸ್ಪತ್ರೆಗೆ ಹೋಗೋಣವೆಂದು ಅವಳು ಗೋಗರೆದಳು. ಭಾವ ಫೋನ್ ತೆಗೆದು ಒಂದು ವಿಡಿಯೊ ತೋರಿಸಿದರು. ಬಿಳಿ ಕೋಟು, ಹಿಂದೆ ಗಾಜಿನ ಬೀರು, ಬೆಣ್ಣೆಯಂಥ ಮಾತು: ಬಾಯಿಯ ಕ್ಯಾನ್ಸರ್ ಆದರೆ ವಿಪರೀತ ನೋವಿರುತ್ತದೆ, ನೋವಿಲ್ಲದ ಹುಣ್ಣಿಗೆ ಹೆದರಬೇಡಿ, ಉಪ್ಪು ಬೆರೆಸಿದ ಎಣ್ಣೆ ಮುಕ್ಕಳಿಸಿ. ಅದನ್ನು ಲಕ್ಷಗಟ್ಟಲೆ ಜನ ನೋಡಿದ್ದರು.

ಅಕ್ಕ ಇನ್ನೊಂದನ್ನು ಹುಡುಕಿದಳು. ಮಂಕು ಬೆಳಕು, ತಡವರಿಸುವ ಡಾಕ್ಟರಮ್ಮ: ಶುರುವಿನಲ್ಲಿ ನೋವೇ ಇರದಿರಬಹುದು, ಎರಡು ಮೂರು ವಾರದಲ್ಲಿ ಮಾಯದ ಹುಣ್ಣನ್ನು ತೋರಿಸಲೇಬೇಕು. ನೋಡಿದವರು ಬೆರಳೆಣಿಕೆಯಷ್ಟು ಮಂದಿ. ಇದನ್ನು ನಾಯಿಯೂ ಮೂಸಿಲ್ಲ ಎಂದು ಭಾವ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

"ಭಾವ, ಸೋಫಾ ತಂದವರಿಗೆ ನೀವೇನ್ ಹೇಳ್ತೀರಿ?"

ಮೇಲಿನ ಬಟ್ಟೆ ಎಷ್ಟೇ ಹೊಳೆಯಲಿ, ಮೂಲೆಯ ಹೊಲಿಗೆ ಬಿಚ್ಚಿ ಒಳಗೆ ನೋಡದ ಹೊರತು ಭಾವ ಯಾರಿಗೂ ಮಾತು ಕೊಟ್ಟವರಲ್ಲ.

"ಬಿಚ್ಚಿ ನೋಡದೆ ಹೇಳಕ್ಕಾಗಲ್ಲ ಅಂತೀನಿ," ಎಂದರು. ಆಮೇಲೆ ನಗಲಿಲ್ಲ.

ಮರುದಿನ ಮೂವರೂ ಹೋದೆವು. ಡಾಕ್ಟರು ಹುಣ್ಣಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶಕ್ಕೆ ಕಾಯುತ್ತ ಅಂಗಡಿಯಲ್ಲಿ ಕೆಲಸ ನಡೆಸಿದೆವು. ಎಂದೂ ಗುರಿ ತಪ್ಪದ ಭಾವ ಎರಡು ಸಲ ಹೆಬ್ಬೆರಳಿಗೇ ಹೊಡೆದುಕೊಂಡರು. ನನ್ನ ಹೊಲಿಗೆಯೂ ಸೊಟ್ಟಗೆ ಹೋಯಿತು. ಹೆದರಿದ್ದಂತೆಯೇ ಆಯಿತು, ಅದು ಕ್ಯಾನ್ಸರ್. ಇನ್ನೂ ಮೊದಲೇ ಬಂದಿದ್ದರೆ ಇಷ್ಟು ಕೊಯ್ಯಬೇಕಿರಲಿಲ್ಲ ಎಂದು ಡಾಕ್ಟರು ಹೇಳಿದಾಗ ಅಕ್ಕ ಗೋಡೆಯ ಕಡೆ ತಿರುಗಿ ನಿಂತಳು.

ಆಪರೇಷನ್ ಆಗಿ ಜೀವ ಉಳಿಯಿತು. ಕೆನ್ನೆ ಒಳಕ್ಕೆ ಸೇದಿಕೊಂಡಿದೆ, ಮಾತು ತೊದಲುತ್ತದೆ. ಮೊಳೆಗಳೀಗ ತಗಡಿನ ಡಬ್ಬಿಯಲ್ಲಿವೆ. ಅಂಗಡಿಗೆ ಮರಳಿದ ದಿನ ಭಾವ ಕೆಲಸಕ್ಕೆ ಕೈ ಹಾಕದೆ ನನ್ನ ಮುಂದೆ ಫೋನ್ ಹಿಡಿದರು. ಅದೇ ಬಿಳಿ ಕೋಟಿನವನ ವಿಡಿಯೊದ ಕೆಳಗೆ ಅವರು ಅಂದು ಬರೆದಿದ್ದರು: "ನನಗೂ ಹುಣ್ಣಿದೆ, ನೋವಿಲ್ಲ. ನಿಮ್ಮ ಮಾತು ಕೇಳಿ ಭಯ ಹೋಯ್ತು." ಅದರಡಿ ಯಾರ್ಯಾರೋ ಸಾಲುಗಟ್ಟಿದ್ದರು: ನನಗೂ ನೋವಿಲ್ಲ, ನಿಮ್ಮದನ್ನು ಓದಿ ಧೈರ್ಯ ಬಂತು.

ಭಾವ ಒಬ್ಬೊಬ್ಬರಿಗೂ ಬರೆಯತೊಡಗಿದರು: ನಾನು ಬರೆದದ್ದು ತಪ್ಪು, ನೋವಿಲ್ಲದಿದ್ದರೂ ಇವತ್ತೇ ಹೋಗಿ ತೋರಿಸಿ. ಕೆಲವರು ಹೋಗುತ್ತೇವೆಂದು ಉತ್ತರಿಸಿದರು. ಒಬ್ಬನ ಉತ್ತರ ಬರಲೇ ಇಲ್ಲ. ಅವನು ತಿಂಗಳುಗಳ ಹಿಂದೆ ಬರೆದಿದ್ದ: "ಅಣ್ಣಾ, ನಾಳೆ ಆಸ್ಪತ್ರೆಗೆ ಹೋಗ್ಬೇಕು ಅಂತಿದ್ದೆ. ನಿಮ್ಮದು ಓದಿ ಬಿಟ್ಟೆ."

ಭಾವ ಈಗಲೂ ಒಂದು ಮೊಳೆ ಹೊಡೆದು, ಸುತ್ತಿಗೆ ಕೆಳಗಿಟ್ಟು, ಫೋನ್ ನೋಡುತ್ತಾರೆ.