ಅಲ್ಲಿ ಹೆಂಗಸ್ರು ಇದ್ರೇನೆ?

ನಾನು ಹೈಸ್ಕೂಲಿನಲ್ಲಿದ್ದಾಗ ಗಣರಾಜ್ಯೋತ್ಸವದ ಭಾಷಣಕ್ಕೆ ನನ್ನನ್ನು ಆರಿಸಿದ್ದರು. ನಮ್ಮ ಸಂವಿಧಾನ ಹುಟ್ಟಿದ್ದು ಹೇಗೆ ಎಂಬುದು ವಿಷಯ. ಬಾಗೂರಿನ ನಮ್ಮ ಮನೆಯ ಜಗಲಿಯಲ್ಲಿ ಕುರಿ ಉಣ್ಣೆ ನೂಲುತ್ತ ಕೂರುತ್ತಿದ್ದ ಅಜ್ಜಿಗೆ ಅದನ್ನು ದಿನಾ ಒಪ್ಪಿಸುತ್ತಿದ್ದೆ. ಅಜ್ಜಿಗೆ ಓದು ಬಾರದು; ಕೇಳಿದ್ದನ್ನು ಮಾತ್ರ ಮರೆಯುತ್ತಿರಲಿಲ್ಲ.

‘ದೇಶದ ಎಲ್ಲಾ ಕಡೆಯ ಹಿರಿಯರು ದೆಹಲಿಯಲ್ಲಿ ಸೇರಿ, ಹೆಚ್ಚುಕಮ್ಮಿ ಮೂರು ವರ್ಷ ಚರ್ಚಿಸಿ...’ ಎನ್ನುವಾಗ ಒಂದು ದಿನ ಅವಳ ಕೈ ನಿಂತಿತು.

‘ಲೇ, ಅಲ್ಲಿ ಹೆಂಗಸ್ರು ಇದ್ರೇನೆ?’

ನನಗೆ ಗೊತ್ತಿರಲಿಲ್ಲ. ಮೇಷ್ಟ್ರನ್ನು ಕೇಳಿದರೆ, ‘ನಂಗೂ ಸರಿಯಾಗಿ ಗೊತ್ತಿಲ್ಲ ಕಣಮ್ಮ, ಲೈಬ್ರರೀಲಿ ನೋಡು’ ಅಂದರು. ಶನಿವಾರ ಅಪ್ಪ ಹೊಸದುರ್ಗಕ್ಕೆ ಕರೆದುಕೊಂಡು ಹೋದ. ಅಲ್ಲಿನ ಲೈಬ್ರರಿಯ ದಪ್ಪ ಪುಸ್ತಕವೊಂದರಲ್ಲಿ ಸಂವಿಧಾನ ಸಭೆಯ ಫೋಟೊ ಸಿಕ್ಕಿತು. ಸಾಲುಸಾಲು ಗಂಡಸರ ನಡುವೆ ಸೀರೆಯುಟ್ಟವರೂ ಇದ್ದರು. ಸಭೆಯಲ್ಲಿದ್ದ ಹೆಂಗಸರು ಹದಿನೈದು ಮಂದಿ ಎಂದು ಬರೆದಿತ್ತು. ಬಸ್ಸಿಳಿದವಳೇ ಮನೆಗೆ ಓಡಿದೆ.

‘ಇದ್ರು ಅಜ್ಜಿ!’

‘ನಿಂತ್ಕಂಡಿದ್ರಾ, ಕುಂತ್ಕಂಡಿದ್ರಾ?’

‘ಎಲ್ರ ಜತೆ ಕುಂತ್ಕಂಡು ವಾದ ಮಾಡವ್ರೆ.’

‘ಹಂಗಾ,’ ಎಂದಳು. ಮತ್ತೆ ನೂಲತೊಡಗಿದಳು.

ಅವಳು ಯಾಕೆ ಕೇಳಿದಳೆಂದು ತಿಳಿದದ್ದು ಮರುವಾರ. ಊರಿಗೆ ಹೊಸ ನಲ್ಲಿ ಎಲ್ಲಿ ಹಾಕಿಸಬೇಕೆಂದು ಗಂಡಸರು ಅರಳಿಕಟ್ಟೆಯ ಮೇಲೆ ಸೇರಿದ್ದರು. ಹೆಂಗಸರು ಎಂದಿನಂತೆ ಗೋಡೆಯ ಮರೆಯಲ್ಲಿ ನಿಂತು ಕೇಳುತ್ತಿದ್ದರು. ಅಜ್ಜಿ ನೆಟ್ಟಗೆ ಹೋಗಿ ಕಟ್ಟೆಯ ಮೇಲೆ ಕೂತುಬಿಟ್ಟಳು.

‘ಇಲ್ಲಿಗ್ಯಾಕಮ್ಮ ಬಂದೆ?’ ಎಂದರು ಊರಿನ ಯಜಮಾನರು.

‘ನೀರು ಹೊರೋರು ನಾವಲ್ವೇನಪ್ಪ? ದಿಲ್ಲೀಲಿ ದೇಶದ ಕಾನೂನು ಮಾಡಾಗ್ಲೇ ಹೆಂಗಸ್ರು ಕುಂತಿದ್ರಂತೆ. ಒಂದು ನಲ್ಲಿ ಮಾತಿಗೆ ನಾವು ಗೋಡೆ ಹಿಂದೆ ನಿಂತ್ಕಬೇಕಾ?’

ಕಟ್ಟೆಯ ಮೇಲಿದ್ದ ಒಬ್ಬರು ಟವೆಲ್ ಸರಿಸಿ ಜಾಗ ಬಿಟ್ಟರು. ಇನ್ನಿಬ್ಬರು ಹೆಂಗಸರು ಬಂದು ಅಜ್ಜಿಯ ಪಕ್ಕ ಕೂತರು. ಯಜಮಾನರ ಮನೆ ಮುಂದೆ ಬರಬೇಕಿದ್ದ ನಲ್ಲಿ, ಆ ಹೆಂಗಸರ ಮಾತಿನಂತೆ, ಬಹಳ ದೂರದಿಂದ ನೀರು ಹೊರುತ್ತಿದ್ದ ಮೇಲಿನ ಕೇರಿಗೆ ಬಂತು.

ಭಾಷಣದಲ್ಲಿ ಆ ಹದಿನೈದು ಮಂದಿಯ ಬಗ್ಗೆ ಹೇಳಿದೆ. ಅಜ್ಜಿಯ ಬಗ್ಗೆ ಹೇಳಲು ಅಂದು ನಾಚಿಕೆಯಾಯಿತು. ಈಗ ಹಿರಿಯೂರಿನಲ್ಲಿ ಸಮಾಜ ಪಾಠ ಮಾಡುತ್ತೇನೆ. ಅಜ್ಜಿ ಹೋಗಿ ಎಷ್ಟೋ ವರ್ಷಗಳಾದವು. ಸಂವಿಧಾನದ ಪಾಠ ಬಂದಾಗ ಮೊದಲು ಅವಳ ಕಥೆಯನ್ನೇ ಹೇಳುತ್ತೇನೆ. ಮಕ್ಕಳು ನಗುತ್ತಾರೆ, ಆಮೇಲೆ ಒಬ್ಬೊಬ್ಬರೇ ಪ್ರಶ್ನೆ ಕೇಳಲು ಶುರುಮಾಡುತ್ತಾರೆ.