ನುಡಿಸುವ ಮೊದಲೇ ಒಂದು ಚಪ್ಪಾಳೆ

ಜೂನ್ 14, ಶನಿವಾರ, ಬೆಳಗಿನ 5 ಗಂಟೆ 10 ನಿಮಿಷ. ಎರಡನೇ ಮಹಡಿಯ ಅಡುಗೆಮನೆಯಲ್ಲಿ ತಂತಿ ಅಕ್ಕ ಕಂಪ್ಯೂಟರಿನ ಮುಂದೆ ನಿಂತಿದ್ದಾರೆ. ಕೊರಳಿಗೆ ಎಲೆಕ್ಟ್ರಿಕ್ ಗಿಟಾರ್. ಒಲೆಯ ಪಕ್ಕದ ಸ್ಟೂಲಿನ ಮೇಲೆ ಗಿಟಾರಿನ ದನಿ ಹಿಗ್ಗಿಸುವ, ಬ್ರೆಡ್ಡಿನ ಡಬ್ಬಿಯಷ್ಟು ದೊಡ್ಡದಾದ ಆಂಪ್. ತಂತಿ ಮುಟ್ಟುವ ಮೊದಲು ಅವರು ಜೋರಾಗಿ ಒಮ್ಮೆ ಚಪ್ಪಾಳೆ ತಟ್ಟುತ್ತಾರೆ.

"ನುಡಿಸೋಕ್ ಮುಂಚೆನೇ ತನಗೆ ತಾನೇ ಚಪ್ಪಾಳೆ ಹೊಡ್ಕೊಳ್ಳೋ ಕಲಾವಿದೆ ಇವಳೊಬ್ಬಳೇ," ಎಂದು ಒಳಕೋಣೆಯ ಹೊದಿಕೆಯೊಳಗಿಂದ ಗಂಡನ ದನಿ ಬರುತ್ತದೆ. ಅವರು ಸಿಟಿ ಬಸ್ ಚಾಲಕ.

"ನೀವು ಕೆಮ್ಮದೆ ಇದ್ರೆ ಅದೇ ದೊಡ್ಡ ಚಪ್ಪಾಳೆ. ಸುಮ್ನೆ ಮಲ್ಕೊಳ್ರೀ."

ಹಗಲಿನಲ್ಲಿ ಅಕ್ಕ ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುತ್ತಾರೆ. ಇಪ್ಪತ್ತಾರು ವರ್ಷಗಳಿಂದ ಅದೇ ಅಂಗಡಿ, ಅದೇ ಕಿಟಕಿಯ ಪಕ್ಕದ ಮೇಜು. ಬೆಳಗಿನ ಜಾವ ಮಾತ್ರ ಗಿಟಾರಿನದು. ಸ್ಟುಡಿಯೋ ಮೆಟ್ಟಿಲು ಹತ್ತಲಾಗದ ಹಾಡುಗಾರರಿಗೆ ವಾರಕ್ಕೆ ಎರಡೋ ಮೂರೋ ಹಿನ್ನೆಲೆ ಸಂಗೀತ ಮುದ್ರಿಸಿ ಕೊಡುತ್ತಾರೆ. ಯಾವುದರ ಮೇಲೂ ಅವರ ಹೆಸರಿರುವುದಿಲ್ಲ.

ಗಿಟಾರಿನ ದನಿಯನ್ನು ಕಂಪ್ಯೂಟರಿಗೆ ಸೇರಿಸಲು ಬೇರೊಂದು ಪೆಟ್ಟಿಗೆ ಬೇಕೆಂಬುದು ವಾಡಿಕೆ. ಅಕ್ಕನ ಬಳಿ ಇದ್ದದ್ದು ಅಭ್ಯಾಸದ ಆಂಪ್ ಒಂದೇ. "ಧೂಳು ಒರೆಸುವಾಗ ಅದರ ಬೆನ್ನಲ್ಲಿ ಒಂದು ಕಿಂಡಿ ಕಣ್ಣಿಗೆ ಬಿತ್ತು. ನಮ್ಮ ಕೆಟ್ಟ ಪ್ರಿಂಟರಿಗೂ ಇಂಥದ್ದೇ ಇತ್ತಲ್ಲ ಅಂತ ಅದರ ಕೇಬಲ್ ತಂದು ಚುಚ್ಚಿದೆ. ಕಂಪ್ಯೂಟರು ಆಂಪಿನ ಹೆಸರು ತೋರಿಸ್ತು. ಅವತ್ತು ಹಾಲು ಉಕ್ಕಿ ಒಲೆ ಆರಿಹೋದ್ರೂ ನನಗೆ ಗೊತ್ತಾಗ್ಲಿಲ್ಲ." ಪ್ರಿಂಟರು ಗುಜರಿಗೆ ಹೋಗಿ ಬಹಳ ದಿನವಾಯಿತು. ಅದರ ಕೇಬಲ್ ಇನ್ನೂ ದುಡಿಯುತ್ತಿದೆ.

ಆದರೆ ಕಂಪ್ಯೂಟರಿಗೆ ತನ್ನದೇ ಒಂದು ಮೈಕ್ ಇದೆ. ಕೆಲವೊಮ್ಮೆ ಅದು ಆಂಪನ್ನು ಬಿಟ್ಟು ಈ ಮೈಕಿನಿಂದ ಕೇಳತೊಡಗುತ್ತದೆ. ಕಳೆದ ವರ್ಷ ಆದದ್ದು ಅದೇ. ಕೆಳಮನೆಯ ಹೊಲಿಗೆಯವಳು ಶಾಲೆಯೊಂದರ ಸಂಗೀತ ಶಿಕ್ಷಕಿ ಹುದ್ದೆಯ ಆಯ್ಕೆಗೆ ಹೊರಟಿದ್ದಳು. ಹಿನ್ನೆಲೆ ಸಂಗೀತವನ್ನು ಹಾಡುವವರೇ ತರಬೇಕು. ಅಕ್ಕ ನುಡಿಸಿದರು, ಗಡಿಬಿಡಿಯಲ್ಲಿ ಒಮ್ಮೆಯೂ ಕೇಳಿ ನೋಡದೆ ಕೊಟ್ಟರು. ಮೈಕ್ ಇಡೀ ಅಡುಗೆಮನೆಯನ್ನೇ ಹಿಡಿದಿಟ್ಟಿತ್ತು. ಆಯ್ಕೆ ನಡೆದ ಸಭಾಂಗಣದ ದೊಡ್ಡ ಸ್ಪೀಕರುಗಳಲ್ಲಿ ಗಿಟಾರಿನ ಜೊತೆ ಬಸ್ ಚಾಲಕರ ಕೆಮ್ಮೂ ಹೊರಟಿತು. ಯಾರೋ ನಕ್ಕರು. ಐವತ್ತು ಸೆಕೆಂಡಿಗೆ ಹಾಡನ್ನು ನಿಲ್ಲಿಸಲಾಯಿತು.

"ಅವಳು ನನಗೆ ಒಂದು ಮಾತೂ ಅನ್ನಲಿಲ್ಲ," ಎನ್ನುತ್ತಾರೆ ಅಕ್ಕ. "ಬೈದಿದ್ರೆ ಎಷ್ಟೋ ಹಗುರ ಆಗ್ತಿತ್ತು."

ವಯೋಮಿತಿಯ ಪ್ರಕಾರ ಇವತ್ತಿನ ಆಯ್ಕೆಯೇ ಹೊಲಿಗೆಯವಳಿಗೆ ಕೊನೆಯ ಅವಕಾಶ. ಹಿನ್ನೆಲೆಗಾಗಿ ಅವಳು ಮತ್ತೆ ಬಂದದ್ದು ಇದೇ ಅಡುಗೆಮನೆಗೆ.

ಚಪ್ಪಾಳೆಯ ರೂಢಿ ಶುರುವಾದದ್ದು ಆ ಕೆಮ್ಮಿನ ಮರುದಿನ. ಅಕ್ಕನ ಗಿಟಾರ್ ಹಿಡಿಯುವುದು ತಂತಿಯ ಕಂಪನವನ್ನು. ಚಪ್ಪಾಳೆ ಅದಕ್ಕೆ ಕೇಳಿಸದು. ಹಾಗಾಗಿ ಚಪ್ಪಾಳೆ ತಟ್ಟಿದಾಗ ಕಂಪ್ಯೂಟರಿನ ತೆರೆಯ ಮೇಲೆ ದನಿಯನ್ನು ತೋರಿಸುವ ಗೆರೆ ಅಲುಗಿದರೆ, ಕಂಪ್ಯೂಟರು ಕೇಳುತ್ತಿರುವುದು ಮೈಕಿನಿಂದ ಎಂದೇ ಅರ್ಥ.

ಇವತ್ತು ಗೆರೆ ಅಲುಗುತ್ತದೆ.

"ರಾತ್ರಿ ಈ ಕಂಪ್ಯೂಟರು ತಾನಾಗೇ ಏನೋ ಅಪ್‌ಡೇಟ್ ಹಾಕ್ಕೊಂಡಿದೆ, ಎದ್ದ ಮೇಲೆ ಮತ್ತೆ ಹಳೇ ಚಾಳಿ," ಎಂದು ಗೊಣಗುತ್ತ ಅಕ್ಕ ತೆರೆಯ ಮೇಲೆ ಮೈಕನ್ನು ಬಿಟ್ಟು ಆಂಪನ್ನು ಆರಿಸುತ್ತಾರೆ. ಮತ್ತೊಂದು ಚಪ್ಪಾಳೆ. ಗೆರೆ ನೆಟ್ಟಗೆ ಮಲಗಿದೆ. ತಂತಿ ಮೀಟುತ್ತಾರೆ, ಗೆರೆ ಏಳುತ್ತದೆ. ಆಮೇಲೆ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಹಾಡನ್ನು ಮೊದಲಿನಿಂದ ಕೊನೆಯವರೆಗೆ ನುಡಿಸುತ್ತಾರೆ. ಮುಗಿದ ಮೇಲೆ ಎರಡು ಸಲ ಕೇಳುತ್ತಾರೆ.

ಎಂಟಕ್ಕೆ ಹೊಲಿಗೆಯವಳು ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಬಾಗಿಲಿಗೆ ಬರುತ್ತಾಳೆ. "ಅಕ್ಕಾ, ಭಾವ ಕೆಮ್ಮಿಲ್ಲ ತಾನೆ?"

"ಕೆಮ್ಮಿದಾರೆ. ಹಾಡಲ್ಲಿ ಇಲ್ಲ. ಹೋಗು, ಧೈರ್ಯವಾಗಿ ಹಾಡು."

ಅಂಗಡಿಗೆ ಫೋನ್ ಬಂದಾಗ ಹನ್ನೊಂದೂಮುಕ್ಕಾಲು. ಅಕ್ಕನ ಮುಂದೆ ಅರ್ಧ ಸುತ್ತಿದ ನೀರಿನ ಪಂಪು. ಬೆರಳಿಗೆ ವಾರ್ನಿಷ್ ಮೆತ್ತಿರುವುದರಿಂದ ಮೊಣಕೈಯಲ್ಲೇ ಸ್ಪೀಕರ್ ಒತ್ತುತ್ತಾರೆ.

"ಪೂರ್ತಿ ಹಾಡಿದೆ ಅಕ್ಕಾ. ಗಿಟಾರ್ ಯಾರದು ಅಂತಾನೂ ಕೇಳಿದ್ರು."

"ಏನಂದೆ?"

"ನಮ್ಮಕ್ಕಂದು ಅಂದೆ."

ಆಯ್ಕೆಯ ಫಲಿತಾಂಶಕ್ಕೆ ಇನ್ನೂ ಒಂದು ವಾರವಿದೆ. ಅಕ್ಕ ಪಂಪಿನ ಕಡೆಗೆ ತಿರುಗಿ, ತಾಮ್ರದ ತಂತಿಯ ತುದಿಯನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾರೆ. "ಕೊನೇವರೆಗೂ ಕೇಳಿದ್ರಲ್ಲ," ಎನ್ನುತ್ತಾರೆ. "ನನ್ನ ಪಾಲಿನ ಕೆಲಸ ಅಷ್ಟೇ ಇದ್ದದ್ದು. ಅದು ಆಯ್ತು."

ಕಳೆದ ವರ್ಷ ಅವರು ಕೇಳಿದ್ದು ಐವತ್ತು ಸೆಕೆಂಡು. ಈ ಸಲದ ಹಾಡಿನ ಉದ್ದ ಮೂರು ನಿಮಿಷ ನಲವತ್ತೆರಡು ಸೆಕೆಂಡು.