ಅವಸರದ ಓಟ್ಸ್

ಟೈರ್ ಅಂಗಡಿಯಲ್ಲಿ ದಿನಗೂಲಿ ಮಾಡುವ ಡಾಲ್ಟನ್‌ಗೆ ಗೊತ್ತಿದ್ದ ಬೇಸಾಯವೆಂದರೆ ಟೈರಿನ ಸಂದಿಯಿಂದ ಮಣ್ಣು ಕೆರೆಯುವುದು. ಹಾಗಿದ್ದೂ ಆ ಆಗಸ್ಟಿನಲ್ಲಿ ಪೈನ್ ಮರಗಳ ನಡುವಿನ ಅರ್ಧ ಎಕರೆಗೆ ಓಟ್ಸ್, ಗೋಧಿ ಎರಚಿ, ಅಲಬಾಮಾದ ಜಿಂಕೆಗಳಿಗೆಲ್ಲ ತಾನೊಬ್ಬನೇ ಔತಣ ಕೊಡುವವನಂತೆ ಬೀಗಿದ್ದ.

ಆ ಜಾಗ ಸೋದರಮಾವ ವರ್ಲನ್‌ನದು. ಮೂವತ್ತು ವರ್ಷ ಪ್ರತಿ ಚಳಿಗಾಲಕ್ಕೂ ಅಲ್ಲಿ ಜಿಂಕೆಗಳಿಗೆ ಹುಲ್ಲು ಬೆಳೆಸಿದವನು ಈಗ ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸಿಕೊಂಡು ಕಿಟಕಿಯ ಪಕ್ಕ ಕೂತಿದ್ದ. ಬೆಳಗಿನ ಹೊತ್ತು ಜಾಕೆಟ್ ಬೇಕೆನಿಸುವ ತನಕ ಬೀಜದ ಚೀಲ ಬಿಚ್ಚಬಾರದೆಂಬುದು ಅವನ ಕಟ್ಟಳೆ. ಆದರೆ ಡಾಕ್ಟರು ಡಾಲ್ಟನ್‌ನನ್ನು ಪಕ್ಕಕ್ಕೆ ಕರೆದು, ಮಾವ ಅಕ್ಟೋಬರ್ ಕಾಣುವುದು ಕಷ್ಟ ಎಂದಿದ್ದರು. ಹಸಿರಿನಲ್ಲಿ ಜಿಂಕೆ ಮೇಯುವುದನ್ನು ಮಾವ ಇನ್ನೊಮ್ಮೆ ನೋಡಲಿ ಎಂದು ಇವನು ಬೆವರು ಸುರಿಸುತ್ತಲೇ ಬಿತ್ತಿದ.

ಮೊಳೆಯಿತು, ಗೇಣುದ್ದ ಬೆಳೆಯಿತು. ಆಮೇಲೆ ದಂಡುದಂಡಾಗಿ ಬಂದು ಮೇಯುವ ಸೈನಿಕ ಹುಳು ಬಂತು. ಶುಕ್ರವಾರ ಹಸಿರಾಗಿದ್ದದ್ದು ಸೋಮವಾರ ಬರೀ ಕೆಂಪು ಮಣ್ಣು. ಸೆಕೆಗಾಲದಲ್ಲಿ ಎಳೆಹುಲ್ಲು ಬೆಳೆಸಿದರೆ ಹುಳುವಿಗೆ ಎಲೆ ಹಾಕಿ ಕರೆದಂತೆ ಎಂಬುದು ಆ ಸೀಮೆಯ ಮಕ್ಕಳಿಗೂ ಗೊತ್ತು. ಡಾಲ್ಟನ್‌ಗೂ ಗೊತ್ತಿತ್ತು, ಗೊತ್ತಿದ್ದೂ ಮಾಡುವುದಕ್ಕೆ ಬೇರೆಯದೇ ಪ್ರತಿಭೆ ಬೇಕು.

ಮಾವ ದಿನಾ ವಿಚಾರಿಸುತ್ತಿದ್ದ. ಇವನು ಪಾದ ಮುಳುಗುವಷ್ಟು, ಮೊಣಕಾಲು ಮುಟ್ಟುವಷ್ಟು ಎಂದು ಬಾಯಲ್ಲೇ ಬೆಳೆಸುತ್ತಿದ್ದ. ಸೆಪ್ಟೆಂಬರ್ ನಡುವಿನ ಒಂದು ದಿನ ಮಾವ ನೋಡಲೇಬೇಕೆಂದು ಹಟ ಹಿಡಿದ. ಸಿಲಿಂಡರ್ ಸಮೇತ ಪಿಕಪ್ ಹತ್ತಿಸಿ ಕರೆದೊಯ್ಯದೆ ಬೇರೆ ದಾರಿ ಇರಲಿಲ್ಲ.

ವರ್ಲನ್ ಗಾಜು ಇಳಿಸಿ ಬಹಳ ಹೊತ್ತು ಬೋಳು ನೆಲ ನೋಡಿದ.

"ಮೊಣಕಾಲುದ್ದ ಅಂದಿದ್ದೆ. ಯಾರ ಮೊಣಕಾಲೋ, ಇಲೀದಾ?"

"ಹುಳ ತಿಂತು, ಮಾವ."

"ತಿನ್ನದೆ ಬಿಡುತ್ತಾ? ಆಗಸ್ಟಲ್ಲಿ ಬಿತ್ತಿದೀಯ. ಇಷ್ಟು ವರ್ಷ ನಾನು ಹೇಳಿದ್ದು ಗೋಡೆಗಾ?" ಎಂದವನು ಉಸಿರಿಗಾಗಿ ತಡೆದ.

ಡಾಲ್ಟನ್ ಸ್ಟಿಯರಿಂಗ್ ಮೇಲಿನ ಗ್ರೀಸ್ ಕಲೆ ಕೆರೆಯುತ್ತ ಕೂತ. ಅವನ ಮುಖವನ್ನೇ ನೋಡುತ್ತಿದ್ದ ಮಾವ, ಆ ಅವಸರದ ಕಾರಣ ಹೊಳೆದವನಂತೆ ದನಿ ತಗ್ಗಿಸಿದ.

"ಎಷ್ಟು ದಿನ ಅಂದ್ರು ಡಾಕ್ಟ್ರು?"

ಅಷ್ಟು ದಿನ ಸಲೀಸಾಗಿ ಬಂದ ಸುಳ್ಳು ಈಗ ಬಾಯಿಗೆ ಬರಲಿಲ್ಲ. "ಅಕ್ಟೋಬರ್ ಕಷ್ಟ ಅಂದ್ರು."

ವರ್ಲನ್ ತಲೆಯಾಡಿಸಿದ. ಆಮೇಲೆ ಕೆಲಸ ಹಚ್ಚುವ ದನಿಯಲ್ಲಿ ಹೇಳಿದ: "ತಿಂಗಳ ಕೊನೇಲಿ, ಮಳೆ ಬರೋ ಹಿಂದಿನ ದಿನ ಬಿತ್ತು. ನನ್ನ ಕಾಯ್ಬೇಡ."

ಬಿತ್ತುತ್ತೇನೆ ಎಂದರೆ ಆ ಹಸಿರು ನೋಡಲು ಮಾವ ಇರುವುದಿಲ್ಲವೆಂದು ಒಪ್ಪಿಕೊಂಡಂತೆ. ಬಿತ್ತುವುದಿಲ್ಲ ಎನ್ನಲು ನಾಲಿಗೆ ಏಳದು. "ಆಯ್ತು, ಮಾವ" ಎಂದು ಡಾಲ್ಟನ್ ಗಾಡಿ ಹೊರಡಿಸಿದ. ವರ್ಲನ್ ಕುತ್ತಿಗೆ ಹೊರಳಿಸಿ, ಮರಗಳು ಮರೆಮಾಡುವವರೆಗೂ ಆ ಕೆಂಪು ನೆಲವನ್ನೇ ನೋಡುತ್ತಿದ್ದ.